ನೂಲಕ್ಕ ಹಾಕಿಕೊಳ್ಳದ ಹನಿಗಳು

ನೂಲಕ್ಕನಿಗೆ ಆ ಹೆಸರು ಬಂದದ್ದು ಕಸುಬಿನಿಂದ. ನೂಲಿನ ಒಂದು ತುದಿಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ, ಉಳಿದದ್ದನ್ನು ಬೆರಳುಗಳಿಗೆ ಸುತ್ತಿ, ಕುರ್ಚಿಯಲ್ಲಿ ಒರಗಿದ ಹೆಂಗಸಿನ ಹುಬ್ಬಿನ ಮೇಲೆ ಅವಳು ಬಾಗಿದಳೆಂದರೆ ಬೇಡದ ಕೂದಲು ಸಾಲಾಗಿ ಕಿತ್ತು ಬರುತ್ತಿತ್ತು. ಬೇಕಾದ ಒಂದು ಕೂದಲೂ ಅಲುಗುತ್ತಿರಲಿಲ್ಲ. ನೂಲು ಬಾಯಲ್ಲಿರುವಷ್ಟು ಹೊತ್ತು ಅವಳು ಮಾತಾಡುವಂತಿರಲಿಲ್ಲ. ಪಾರ್ಲರಿಗೆ ಬಂದವರಿಗೆ ನೆಮ್ಮದಿ ಸಿಗುತ್ತಿದ್ದದ್ದೂ ಅಷ್ಟೇ ಹೊತ್ತು. ನೂಲು ಹೊರಗೆ ಬಂತೆಂದರೆ ನಾಲಿಗೆಯೂ ಹೊರಗೆ ಬರುತ್ತಿತ್ತು. ದಪ್ಪ ಹುಬ್ಬಿನವಳಿಗೆ "ಇನ್ನೊಂದು ವಾರ ಬಿಟ್ಟಿದ್ರೆ ಹಕ್ಕಿ ಬಂದು ಗೂಡು ಕಟ್ತಿತ್ತು" ಅನ್ನುವಳು. ಮೊಡವೆಯ ಹುಡುಗಿಗೆ ಒಂದು ಮಾತು, ಗಂಡ ಬಿಟ್ಟವಳಿಗೆ ಒಂದು ಮಾತು, ಬಾಣಂತನ ಮುಗಿದು ಮೈ ಬಂದವಳಿಗೆ ಇನ್ನೊಂದು. ಅನ್ನಿಸಿಕೊಂಡವರು ಎದ್ದು ಹೋಗುತ್ತಿರಲಿಲ್ಲ. ಮುಂದಿನ ಸರದಿ ಪಕ್ಕದವಳದು, ಅವಳಿಗೆ ಏನನ್ನುತ್ತಾಳೋ ಕೇಳಿಯೇ ಹೋಗೋಣ ಎಂದು ಕೂರುತ್ತಿದ್ದರು.

ಪಾರ್ಲರಿನಲ್ಲಿ ಎರಡು ಕುರ್ಚಿ, ಗೋಡೆಯುದ್ದದ ಕನ್ನಡಿ, ಕೂದಲು ತೆಗೆಯುವ ಮೇಣ ಕಾಯಿಸಲು ಒಂದು ವಿದ್ಯುತ್ ಪಾತ್ರೆ. ಒಂದು ಕುರ್ಚಿ ನೂಲಕ್ಕನದು. ಇನ್ನೊಂದು, ಕೂದಲು ಕತ್ತರಿಸುವ ಪಾಲುದಾರಳದು. ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಹಿಂದಿನ ಪರದೆ ಸರಿಸಿದರೆ ಮನೆ: ಎರಡು ಕೋಣೆ, ಒಂದು ಬಚ್ಚಲು. ಮಕ್ಕಳಿರಲಿಲ್ಲ. ಗಂಡ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. ಪರದೆಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಟವೆಲ್ ಮಡಿಸುತ್ತಿದ್ದ ಮುದುಕಿ ನೂಲಕ್ಕನ ತಾಯಿ. ಎರಡೂ ಕಣ್ಣು ಕಾಣುತ್ತಿರಲಿಲ್ಲ. ಟವೆಲಿನ ಅಂಚಿಗೆ ಅಂಚು ಮಾತ್ರ ಸರಿಯಾಗಿ ಕೂರುತ್ತಿತ್ತು.

ಆ ಕಣ್ಣು ಹೋದದ್ದು ಹೇಗೆ ಎಂಬುದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ಅರ್ಥವಿಲ್ಲ.

ನೂಲಕ್ಕನ ಅಪ್ಪ ತೀರಿಕೊಂಡ ಮೇಲೆ ತಾಯಿ ಮಗಳ ಮನೆಗೆ ಬಂದಳು. ಬರುವಾಗಲೇ ಅವಳಿಗೆ ಗ್ಲಾಕೋಮಾ ಇತ್ತು. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗುತ್ತಾ ಹೋಗುವ ರೋಗ. ನೋವಿಲ್ಲ, ಕೆಂಪಿಲ್ಲ, ಕೀವಿಲ್ಲ. ಎರಡು ಕಣ್ಣಿಗೂ ದಿನಾ ಒಂದೊಂದು ಹನಿ ಔಷಧಿ, ಬದುಕಿರುವವರೆಗೂ. ಗಂಡನಿದ್ದಾಗ ಗಂಡ ಹಾಕುತ್ತಿದ್ದ. ಆಮೇಲೆ ಮಗಳ ಪಾಲಿಗೆ ಬಂತು. ತಾಯಿ ಬಂದವಳೇ ಹಾಸಿಗೆ ಹಿಡಿದಳು. ತಲೆ ಬಾಚಿಕೊಳ್ಳುತ್ತಿರಲಿಲ್ಲ, ತಟ್ಟೆಯಲ್ಲಿಟ್ಟದ್ದು ಒಣಗುತ್ತಿತ್ತು, ಕರೆದರೆ ಗೋಡೆಯ ಕಡೆ ಹೊರಳುತ್ತಿದ್ದಳು. ನೂಲಕ್ಕ ದಿನವಿಡೀ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡು ಒಳಗೆ ಬಂದು, ತಾಯಿಯ ಗಲ್ಲ ಎತ್ತಿ ಹನಿ ಹಾಕಲು ನೋಡಿದರೆ ರೆಪ್ಪೆ ಬಿಗಿ. ಬಿಡಿಸಿ ಹಾಕಿದರೆ ಅಳು. ಅತ್ತರೆ ಔಷಧಿ ಕೆನ್ನೆಗೆ.

"ಹಾಕಿದ್ರೂ ಏನೂ ಚೆನ್ನಾಗಿ ಕಾಣ್ತಿಲ್ಲ ಕಣೇ" ಎನ್ನುತ್ತಿದ್ದಳು ತಾಯಿ.

ಹೋದ ದೃಷ್ಟಿಯನ್ನು ಆ ಔಷಧಿ ತಂದುಕೊಡುವುದಿಲ್ಲ, ಇರುವುದನ್ನು ಕಾಯುತ್ತದೆ ಅಷ್ಟೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನೂಲಕ್ಕ ಅದನ್ನು ಕೇಳಿಸಿಕೊಂಡೂ ಇದ್ದಳು. ಆದರೆ ಕಾಯುವುದು ಕಣ್ಣಿಗೆ ಕಾಣುವ ಕೆಲಸವಲ್ಲ. ಒಂದು ಸಂಜೆ ತಾಯಿ ತಲೆ ಕೊಡವಿದಾಗ ಬಾಟಲಿಯ ಮೂತಿ ರೆಪ್ಪೆಗೆ ತಗುಲಿತು. ನೂಲಕ್ಕ ತಾಯಿಯ ಕೈಗೆ ಫಟ್ಟನೆ ಹೊಡೆದಳು. ಹೊಡೆದು, ಬಾಟಲಿಗೆ ಮುಚ್ಚಳ ತಿರುಗಿಸುತ್ತಾ ಅಂದಳು:

"ನೀನು ನೋಡಬೇಕಾಗಿರೋದು ಇನ್ನೇನಿದೆಯಮ್ಮ? ಗೋಡೆ ತಾನೇ? ಗೋಡೆ ಎಲ್ಲೂ ಹೋಗಲ್ಲ ಬಿಡು."

ಮರುದಿನದಿಂದ ಹಾಕಲಿಲ್ಲ. ಗಂಡ ಒಮ್ಮೆ ಕೇಳಿದ. ಅಮ್ಮ ಬೇಡ ಅಂತಾಳೆ ಎಂದಳು. ಅದು ಸುಳ್ಳೂ ಅಲ್ಲ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಮುದುಕಿಗೆ ಕಿಟಕಿ ಯಾವ ಕಡೆ ಎಂಬುದೂ ತಿಳಿಯದಾಯಿತು. ವಿಚಿತ್ರವೆಂದರೆ, ಪೂರ್ತಿ ಕತ್ತಲಾದ ಮೇಲೆ ಅವಳು ಎದ್ದು ಕೂತಳು. ಹಸಿವು ಬಂತು, ಮಾತು ಬಂತು. ಗೋಡೆ ಹಿಡಿದು ಪಾರ್ಲರಿನವರೆಗೆ ನಡೆದು ಬಂದು, ಸ್ಟೂಲ್ ಕೇಳಿ ಕೂತು, ಟವೆಲ್ ಕೊಡಿ ಎಂದಳು. ಮಗಳನ್ನು ಏನೂ ಕೇಳಲಿಲ್ಲ. ನೂಲಕ್ಕನೂ ಆ ವಿಷಯ ಎತ್ತಲಿಲ್ಲ. ಬಂದವರು "ಅಜ್ಜಿಗೆ ಯಾವಾಗಿಂದ ಹೀಗೆ" ಎಂದು ಕೇಳಿದರೆ "ವಯಸ್ಸು" ಎನ್ನುವಳು, ನೂಲಿನ ತುದಿ ಕಚ್ಚುವಳು.

ಇದೆಲ್ಲ ಆಗಿ ಸುಮಾರು ವರ್ಷಗಳಾಗಿ, ನೂಲಕ್ಕನಿಗೆ ಐವತ್ತು ದಾಟಿದಾಗ, ಅವಳು ವಸ್ತುಗಳಿಗೆ ತಗುಲಲು ಶುರುಮಾಡಿದಳು. ಎಡಗಡೆಯ ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯುತ್ತಿತ್ತು. ಎಡಗಡೆ ನಿಂತವರು ಮಾತಾಡಿದರೆ ಬೆಚ್ಚಿ ಬೀಳುತ್ತಿದ್ದಳು. ಕತ್ತರಿ ನಕ್ಕು, "ಅಕ್ಕ, ಈ ವಯಸ್ಸಲ್ಲಿ ಕುಡಿಯೋಕೆ ಶುರು ಮಾಡಿದ್ಯಾ" ಎಂದಳು. ಕೆಲಸದಲ್ಲಿ ಮಾತ್ರ ಎಳ್ಳಷ್ಟೂ ತಪ್ಪಿರಲಿಲ್ಲ. ನೂಲು ಕಾಣುತ್ತಿತ್ತು, ಹುಬ್ಬು ಕಾಣುತ್ತಿತ್ತು, ಹುಬ್ಬಿನ ಬುಡದ ಎಳೆ ಕೂದಲೂ ಕಾಣುತ್ತಿತ್ತು. ಇದಕ್ಕಿಂತ ಒಳ್ಳೆ ಕಣ್ಣು ಯಾರಿಗೆ ಬೇಕು?

ಮದುವೆ ಹತ್ತಿರವಿದ್ದ ಹುಡುಗಿಯೊಬ್ಬಳು ಕೈಯ ಕೂದಲು ತೆಗೆಸಿಕೊಳ್ಳಲು ಬಂದಿದ್ದಳು. ಮೇಣ ಎಡಗಡೆ ಮೇಜಿನ ಮೇಲೆ ಕುದಿಯುತ್ತಿತ್ತು. ನೂಲಕ್ಕ ಬಟ್ಟೆಯ ಪಟ್ಟಿ ತೆಗೆದುಕೊಳ್ಳಲೆಂದು ತಿರುಗಿದಾಗ ಅವಳ ಮೊಣಕೈ ಬಡಿದು ಪಾತ್ರೆ ಮಗುಚಿತು. ಮೇಣ ಹುಡುಗಿಯ ಕುತ್ತಿಗೆಯ ಬುಡದಿಂದ ಎದೆಯ ಮೇಲಕ್ಕೆ ಹರಿಯಿತು. ಮೇಣ ನೀರಿನಂತಲ್ಲ, ಅಂಟಿಕೊಂಡು ಸುಡುತ್ತದೆ. ಒರೆಸಿದರೆ ಚರ್ಮವೂ ಜೊತೆಗೆ ಬರುತ್ತದೆ. ಹುಡುಗಿಯ ಕೂಗಿಗೆ ಬೀದಿ ಸೇರಿತು. ಅವಳ ಅಣ್ಣ ಬಂದು ಕನ್ನಡಿ ಒಡೆದ. ನೂಲಕ್ಕ, ಮೇಜು ಯಾರೋ ಸರಿಸಿದ್ದಾರೆ ಎಂದು ಎಲ್ಲರೆದುರು ತಪ್ಪನ್ನು ಕತ್ತರಿಯ ಮೇಲೆ ಹಾಕಿದಳು. ಕತ್ತರಿ ಜಗಳಕ್ಕೆ ಇಳಿಯಲಿಲ್ಲ. ನೂಲಕ್ಕನ ಎಡಗಡೆ ಹೋಗಿ ನಿಂತು, ಅವಳ ಕಿವಿಯ ಹತ್ತಿರ ಕೈ ಎತ್ತಿ ಬೆರಳು ಆಡಿಸಿದಳು. ಸೇರಿದವರಿಗೆಲ್ಲ ಆ ಬೆರಳು ಕಾಣುತ್ತಿತ್ತು. ನೂಲಕ್ಕ ನೆಟ್ಟಗೆ ಮುಂದೆ ನೋಡುತ್ತಾ, "ಏನ್ ನೋಡ್ತಿದ್ದೀರಾ ಎಲ್ಲಾ?" ಎಂದಳು.

ಗಂಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಕಣ್ಣಿನ ಡಾಕ್ಟರು ನೂಲಕ್ಕನಿಗಿಂತ ಚಿಕ್ಕವಳು, ಮಾತು ಮೊಟಕು. ಎರಡೂ ಕಣ್ಣಲ್ಲಿ ಒತ್ತಡ ವಿಪರೀತ ಏರಿದೆ, ಎಡಗಣ್ಣಿನ ನರ ಮುಕ್ಕಾಲು ಪಾಲು ಸತ್ತಿದೆ ಎಂದಳು. ಈ ರೋಗ ಅಂಚಿನಿಂದ ತಿನ್ನುತ್ತಾ ಬರುತ್ತದೆ, ನಡುವಿನ ನೋಟವನ್ನು ಕೊನೆಗೆ ಮುಟ್ಟುತ್ತದೆ. ಹಾಗಾಗಿ ನೂಲು ಕಂಡಿದೆ, ಮೇಜು ಕಂಡಿಲ್ಲ. ಮನೆಯಲ್ಲಿ ಯಾರಿಗಾದರೂ ಇದೆಯೇ ಎಂದು ಕೇಳಿದಳು.

"ಇಲ್ಲ" ಎಂದಳು ನೂಲಕ್ಕ.

ಗಂಡ ನೆಲ ನೋಡುತ್ತಾ, "ಇವಳ ತಾಯಿಗಿದೆ. ಪೂರ್ತಿ ಹೋಗಿದೆ" ಎಂದ.

ಡಾಕ್ಟರು ಬರೆಯುತ್ತಲೇ, ಹಾಗಿದ್ದರೆ ಇವರನ್ನು ಹತ್ತು ವರ್ಷದ ಹಿಂದೆಯೇ ಕರೆತರಬೇಕಿತ್ತು ಎಂದಳು. ರಾತ್ರಿ ಮಲಗುವ ಮುಂಚೆ ಒಂದೊಂದು ಹನಿ, ಒಂದು ದಿನವೂ ತಪ್ಪದಂತೆ.

ಮನೆಗೆ ಬಂದಾಗ ತಾಯಿ ಕೈಯಲ್ಲಿದ್ದ ಟವೆಲನ್ನು ತೊಡೆಯ ಮೇಲಿಟ್ಟು ಏನಂದರು ಎಂದು ಕೇಳಿದಳು. ಗಂಡ ಹೇಳಿದ. ಮುದುಕಿ ಔಷಧಿಯ ಹೆಸರು ಕೇಳಿದಳು, ಬಾಟಲಿಯನ್ನು ಕೈಗೆ ಇಸಿದುಕೊಂಡು ಸವರಿ ನೋಡಿದಳು. ಮುಚ್ಚಳ ತಿರುಗಿಸಿ ಮೂಸಿದಳು.

"ಅದೇ" ಎಂದಳು. "ಸ್ವಲ್ಪ ಹೊತ್ತಾದ ಮೇಲೆ ಗಂಟಲಿಗೆ ಕಹಿ ಇಳಿಯುತ್ತೆ. ಕೆರೆದ್ರೂ ಹೋಗಲ್ಲ." ಆಮೇಲೆ ಬಾಟಲಿಯನ್ನು ಗಾಳಿಯಲ್ಲಿ ಚಾಚಿ, ಮಗಳು ಯಾವ ಕಡೆ ಇದ್ದಾಳೋ ಆ ಕಡೆಗೇ ಮುಖ ಮಾಡಿ, ಬೇಸರವಿಲ್ಲದ ದನಿಯಲ್ಲಿ ಕೇಳಿದಳು: "ಆದ್ರೂ ನೀನು ನೋಡಬೇಕಾಗಿರೋದು ಇನ್ನೇನಿದೆಯೇ? ಊರವರ ಹುಬ್ಬು ತಾನೇ? ಅದೆಲ್ಲೂ ಹೋಗಲ್ಲ ಬಿಡು."

ಇಷ್ಟು ವರ್ಷ ಅವಳು ಆ ಮಾತನ್ನು ಒಳಗೆ ಇಟ್ಟುಕೊಂಡಿದ್ದಳು, ಒಂದಕ್ಷರ ಮಾಸದಂತೆ.

ನೂಲಕ್ಕನ ನಾಲಿಗೆ ಉತ್ತರವಿಲ್ಲದೆ ನಿಂತದ್ದು ಆವತ್ತೇ ಮೊದಲು. ಅಲ್ಲಿಂದಾಚೆ ಅದು ಹೆಚ್ಚು ಹೆಚ್ಚು ಹೊತ್ತು ನಿಲ್ಲತೊಡಗಿತು. ಪಾರ್ಲರಿನಲ್ಲಿ ಹೊಸ ಕನ್ನಡಿ ಬಂತು, ಹೆಂಗಸರು ಬಂದರು, ನೂಲು ಬಾಯಿಂದ ಹೊರಗೆ ಬಂದ ಮೇಲೂ ನೂಲಕ್ಕ ಸುಮ್ಮನಿರುತ್ತಿದ್ದಳು. ಬೈಸಿಕೊಳ್ಳದೆ ಹೋಗುವುದು ಗಿರಾಕಿಗಳಿಗೇ ಒಂದು ಥರ ಆಯಿತು. ಕತ್ತರಿ, "ಅಕ್ಕ ಯಾಕೋ ಸಾಧ್ವಿ ಆಗಿಬಿಟ್ಟಿದ್ದಾಳೆ" ಎಂದು ಅವಳ ಬದಲು ತಾನೇ ನಗಿಸಲು ನೋಡಿದಳು.

ಮೊದಲ ಕೆಲವು ವಾರ ಹನಿ ತಪ್ಪಲಿಲ್ಲ. ಆದರೆ ತಲೆ ಹಿಂದಕ್ಕೆ ಬಾಗಿಸಿ, ಬೆರಳಲ್ಲಿ ಕೆಳರೆಪ್ಪೆ ಎಳೆದು, ಬಾಟಲಿಯನ್ನು ಎತ್ತಿ ಹಿಡಿದಾಗೆಲ್ಲ ಅವಳಿಗೆ ತಾಯಿಯ ಬಿಗಿದ ರೆಪ್ಪೆ, ತನ್ನ ಹೆಬ್ಬೆರಳಿನ ಕೆಳಗೆ ಅದು ಅದುರುತ್ತಿದ್ದದ್ದು ನೆನಪಾಗುತ್ತಿತ್ತು. ತಾಯಿಗೆ ಕೊಡದೆ ಉಳಿಸಿಕೊಂಡದ್ದನ್ನು ತಾನು ಹಾಕಿಕೊಳ್ಳುತ್ತಿದ್ದೇನೆ ಅನ್ನಿಸುತ್ತಿತ್ತು. ಒಂದು ರಾತ್ರಿ ಕೈ ಹಾಗೇ ಕೆಳಗಿಳಿಯಿತು. ಮರುದಿನವೂ ಇಳಿಯಿತು. ಮರೆವಲ್ಲ, ಔಷಧಿ ಮುಗಿದದ್ದಲ್ಲ, ಉರಿಯಲ್ಲ. ಹಾಕಿಕೊಂಡರೆ ಏನಾಗುತ್ತದೆ, ಇನ್ನಷ್ಟು ವರ್ಷ ಇದೇ ಕೋಣೆ ಕಾಣುತ್ತದೆ, ಕಂಡರೆ ಏನಾಯಿತು? ಈ ಲೆಕ್ಕದಲ್ಲಿ ಅವಳಿಗೆ ಎಲ್ಲೂ ತಪ್ಪು ಕಾಣುತ್ತಿರಲಿಲ್ಲ.

ಗಂಡ ಮಾತ್ರ ಬಾಟಲಿ ನೋಡುತ್ತಿದ್ದ. ಲಿಫ್ಟಿನ ಹಗ್ಗ ಸವೆದಿದೆಯೇ ಎಂದು ನೋಡುವವನ ಹಾಗೆ ಬೆಳಕಿಗೆ ಹಿಡಿದು, ಔಷಧಿ ಎಷ್ಟು ಇಳಿದಿದೆ ಎಂದು ನೋಡಿ, ತಲೆಯಾಡಿಸಿ ಇಡುತ್ತಿದ್ದ. ಅವನ ನೋಟಕ್ಕೆ ಸಿಗದಿರಲೆಂದು ನೂಲಕ್ಕ ರಾತ್ರಿ ಬಚ್ಚಲಿಗೆ ಹೋಗಿ ಔಷಧಿಯನ್ನು ಬೇಸಿನ್ನಿಗೆ ಹಿಂಡಿ ನಲ್ಲಿ ತಿರುಗಿಸುತ್ತಿದ್ದಳು. ಬಾಟಲಿ ಸರಿಯಾದ ಹೊತ್ತಿಗೆ ಖಾಲಿಯಾಗುತ್ತಿತ್ತು. ಹೊಸದು ಬರುತ್ತಿತ್ತು. ಆಸ್ಪತ್ರೆಗೆ ಹೋದಾಗ ಒತ್ತಡ ಇಳಿದಿಲ್ಲವೆಂದು ಡಾಕ್ಟರು ಹುಬ್ಬು ಗಂಟಿಕ್ಕಿ, ತಪ್ಪದೆ ಹಾಕಿಕೊಳ್ಳುತ್ತಿದ್ದೀರಾ ಎಂದು ಕೇಳಿದಳು. ಗಂಡನೇ ಮುಂದೆ ಬಿದ್ದು, "ನಾನೇ ನೋಡ್ತೀನಲ್ಲ ಡಾಕ್ಟ್ರೇ, ಒಂದು ದಿನ ತಪ್ಪಿಲ್ಲ" ಎಂದ. ಹಾಗಾದರೆ ಔಷಧಿ ಸಾಲುತ್ತಿಲ್ಲ ಎಂದು ಎರಡನೆಯದು ಸೇರಿತು. ಮುಂದಿನ ಸಲ ಮೂರನೆಯದು. ಮೂರು ಬಾಟಲಿಗಳನ್ನು ಹಿಂಡಿ ಚೆಲ್ಲಲು ಹಾಕಿಕೊಳ್ಳುವುದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು, ಆದರೂ ಅವಳು ತಪ್ಪದೆ ಚೆಲ್ಲಿದಳು.

ಬರುಬರುತ್ತಾ ಹಾಸಿಗೆಯಿಂದ ಏಳುವುದು ಕಡಿಮೆಯಾಯಿತು. ಪರದೆಯ ಆಚೆ ಕತ್ತರಿ ಇಬ್ಬರ ಕೆಲಸ ಮಾಡುತ್ತಾ ತಾಳಿಕೊಂಡು, ಕೊನೆಗೆ ನೂಲಕ್ಕನ ಕುರ್ಚಿಗೆ ಬೇರೊಬ್ಬಳನ್ನು ತಂದು ನಿಲ್ಲಿಸಿದಳು. ಬಂದು ಹೇಳಿದಾಗ ನೂಲಕ್ಕ ಹೂಂ ಎಂದಳು. ಅಕ್ಕಪಕ್ಕದವರು ನೋಡಲು ಬಂದು, ಕೈ ತುಂಬ ಕೆಲಸ, ಹೊಡೆಯದ ಬಡಿಯದ ಗಂಡ, ಇವಳಿಗೇನು ಕಡಿಮೆ ಎಂದು ಅವಳ ಎದುರೇ ಮಾತಾಡಿಕೊಂಡರು. ಒಬ್ಬಳು, ಸುಟ್ಟ ಹುಡುಗಿಯ ಮದುವೆ ಮುರಿದುಹೋದ ಸುದ್ದಿಯನ್ನು ತಂದು ಒಪ್ಪಿಸಿ ಹೋದಳು. ಗಂಡ ಮೊದಮೊದಲು ತಾನೇ ಅಡುಗೆ ಮಾಡಿಟ್ಟು ಹೋಗುತ್ತಿದ್ದ. ಆಮೇಲೆ ಅವನ ತಾಳ್ಮೆಯೂ ಸವೆಯಿತು. ಒಂದು ದಿನ ಬೂಟು ಬಿಚ್ಚುತ್ತಾ, "ಕೆಟ್ಟ ಲಿಫ್ಟಾದ್ರೆ ಬಿಚ್ಚಿ ನೋಡಬಹುದು. ನಿನ್ನನ್ನ ಎಲ್ಲಿ ಬಿಚ್ಚಲಿ?" ಎಂದ. ಅದಕ್ಕೂ ಅವಳು ಹೂಂ ಎಂದಳು.

ತಾಯಿ ಮಗಳು ಮಲಗುತ್ತಿದ್ದದ್ದು ಒಂದೇ ಕೋಣೆಯಲ್ಲಿ, ಗೋಡೆಗೊಂದು ಮಂಚ. ಗಂಡ ಕೆಲಸಕ್ಕೆ ಹೋದ ಮೇಲೆ ಮುದುಕಿ ಎದ್ದು ಮುಖ ತೊಳೆದು, ತಲೆ ಬಾಚಿ, ಟವೆಲಿಗೆಂದು ಪಾರ್ಲರಿಗೆ ಹೊರಡುವಾಗ ಮಗಳ ಮಂಚದ ಹತ್ತಿರ ನಿಲ್ಲುತ್ತಿದ್ದಳು. ಬೈಗುಳವಿಲ್ಲ. "ನನಗೂ ಹಿಂಗೇ ಆಗ್ತಿತ್ತು. ಎದೆ ಮೇಲೆ ಯಾರೋ ಕೂತ ಹಾಗೆ, ಅಲ್ವಾ?" ಎಂದು ಕೇಳುವಳು. ನೂಲಕ್ಕ ಹೌದು ಅಂದರೆ, "ಅದಕ್ಕೆ ನೀನು ನಾಟಕ ಅಂತಿದ್ದೆ" ಎಂದು ಹೇಳಿ, ಗೋಡೆ ಹಿಡಿದು ಹೋಗಿಬಿಡುವಳು.

ಎಡಗಣ್ಣು ಪೂರ್ತಿ ಹೋದದ್ದು ನೂಲಕ್ಕನಿಗೆ ತಿಳಿದದ್ದು ಒಂದು ಬೆಳಿಗ್ಗೆ, ಬಲಗೆನ್ನೆ ದಿಂಬಿಗೆ ಒತ್ತಿ ಮಲಗಿದ್ದಾಗ. ಬೆಳಗಾಗಿದೆ ಎಂದು ಹೊರಗಿನ ಸದ್ದು ಹೇಳುತ್ತಿತ್ತು, ಎಡಗಣ್ಣು ಹೇಳುತ್ತಿರಲಿಲ್ಲ. ಅವಳು ಗಂಡನಿಗೂ ಹೇಳಲಿಲ್ಲ. ತಪಾಸಣೆಯ ದಿನ ಬಂದಾಗ ಅವನೇ ಎಬ್ಬಿಸಿ, ಬಟ್ಟೆ ಹಾಕಿಸಿ ಕರೆದೊಯ್ದ.

ಆಸ್ಪತ್ರೆಯಲ್ಲಿ ನೋಟದ ಅಗಲ ಅಳೆಯುವ ಒಂದು ಯಂತ್ರವಿತ್ತು. ಒಂದು ಬಿಳಿ ಬಟ್ಟಲಿನೊಳಗೆ ಮುಖವಿಟ್ಟು, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಅಲ್ಲಲ್ಲಿ ಸಣ್ಣ ಬೆಳಕು ಮಿನುಗುತ್ತದೆ. ಕಂಡಾಗೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಬಲಗಣ್ಣಿನ ಪರೀಕ್ಷೆ ಮುಗಿದು ಹಾಳೆ ಹೊರಬಂದಾಗ ಅದು ಪೂರ್ತಿ ಕಪ್ಪಾಗಿತ್ತು. ಯಂತ್ರದವನು ಬೇಸರದಿಂದ, ಈಯಮ್ಮ ಗುಂಡಿಯನ್ನೇ ಒತ್ತಲಿಲ್ಲ, ನಿದ್ದೆ ಮಾಡುತ್ತಿದ್ದರೋ ಏನೋ ಎಂದು ಡಾಕ್ಟರಿಗೆ ಒಪ್ಪಿಸಿದ. ಡಾಕ್ಟರು ಹಾಳೆ ನೋಡಿದಳು, ನೂಲಕ್ಕನನ್ನು ನೋಡಿದಳು. ಈ ಕಣ್ಣು ಇಷ್ಟು ಕೆಟ್ಟಿದ್ದರೆ ಇವಳು ಬಾಗಿಲು ದಾಟಿ ಬಂದು ತಾನಾಗಿ ಕುರ್ಚಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಗಂಡನನ್ನು ಹೊರಗೆ ಕಳುಹಿಸಿ ಬಾಗಿಲು ಹಾಕಿದಳು.

"ಬೆಳಕು ಕಾಣಲಿಲ್ವಾ?"

"ಕಾಣ್ತಿತ್ತು."

"ಮತ್ಯಾಕೆ ಒತ್ತಲಿಲ್ಲ?"

ಸುಳ್ಳು ಹೇಳಲೂ ಒಂದಿಷ್ಟು ಶಕ್ತಿ ಬೇಕು. "ಒತ್ತಿದ್ರೆ ಏನಾಗುತ್ತೆ ಅನ್ನಿಸ್ತು" ಎಂದಳು ನೂಲಕ್ಕ.

ಡಾಕ್ಟರು ಪೆನ್ನು ಕೆಳಗಿಟ್ಟಳು. "ಔಷಧಿನೂ ಹಾಕ್ಕೊಳ್ತಿಲ್ಲ ಅಲ್ವಾ ನೀವು?"

"ಇಲ್ಲ."

"ಯಾವತ್ತಿಂದ?"

"ಒಂದೇ ಬಾಟಲ್ ಇದ್ದಾಗಿಂದ."

ಅಂದರೆ ಎರಡನೆಯದನ್ನೂ ಮೂರನೆಯದನ್ನೂ ಡಾಕ್ಟರು ಬರೆದದ್ದು ಒಂದು ಖಾಲಿ ಬೇಸಿನ್ನಿಗೆ. ಅವಳ ಮುಖ ಕೆಂಪಾಯಿತು. ಯಾಕೆ ಎಂದು ಕೇಳಿದಳು. ನೂಲಕ್ಕ ತಾಯಿಯ ವಿಷಯ ಹೇಳಿದಳು. ಗೋಡೆಯ ಮಾತನ್ನೂ, ಕೈಗೆ ಹೊಡೆದದ್ದನ್ನೂ ಬಿಡದೆ ಹೇಳಿದಳು. ಹೇಳಿ ಮುಗಿಸಿ, ಇಷ್ಟು ದಿನ ಯಾರನ್ನೂ ಕೇಳದ ಪ್ರಶ್ನೆಯನ್ನು ಕೇಳಿದಳು: "ನಾನು ದಿನಾ ಹಾಕಿದ್ದಿದ್ರೆ ಅಮ್ಮಂಗೆ ಇವತ್ತು ಕಾಣ್ತಿತ್ತಾ?"

ಇಲ್ಲವೆಂದು ಹೇಳಿಬಿಡಬಹುದಿತ್ತು. ಬೇರೆ ಯಾರಾದರೂ ಹೇಳುತ್ತಿದ್ದರೇನೋ.

"ಬಹುಶಃ ಕಾಣ್ತಿತ್ತು" ಎಂದಳು ಡಾಕ್ಟರು. "ಅವರಿಗೆ ಆಗ ಮನಸ್ಸಿನ ಕಾಯಿಲೆ ಇತ್ತು, ಅದಕ್ಕೂ ಔಷಧಿ ಕೊಡಿಸಬಹುದಿತ್ತು. ಯಾರೂ ಕೊಡಿಸಲಿಲ್ಲ. ಈಗ ಅದೇ ಕಾಯಿಲೆ ನಿಮಗಿದೆ. ನಿಮಗೆ ಶಿಕ್ಷೆ ಕೊಡೋದು ನನ್ನ ಕೆಲಸ ಅಲ್ಲ. ಎಡಗಣ್ಣು ಹೋಯ್ತು, ಅದರ ಮಾತು ಬಿಡಿ. ಬಲಗಣ್ಣಲ್ಲಿ ಇನ್ನೂ ಸ್ವಲ್ಪ ಇದೆ. ಮೇಲಿನ ಮಹಡಿಯಲ್ಲಿ ಮನಸ್ಸಿನ ಡಾಕ್ಟರ್ ಇದ್ದಾರೆ. ಇವತ್ತೇ ಹೋಗಬೇಕು. ನಾನೂ ಬರ್ತೀನಿ."

ಅವಳು ನಿಜವಾಗಿಯೂ ಜೊತೆಗೆ ಹೋದಳು. ಮನಸ್ಸಿನ ಡಾಕ್ಟರು ವಯಸ್ಸಾದ ಮನುಷ್ಯ. ಯಾವ ಮಾತ್ರೆ ಕೊಟ್ಟರೆ ಕಣ್ಣಿಗೆ ತೊಂದರೆಯಿಲ್ಲ ಎಂದು ಕಣ್ಣಿನ ಡಾಕ್ಟರನ್ನು ಕೇಳಿಯೇ ಬರೆದ. ಸಾಯಬೇಕು ಅನ್ನಿಸಿದೆಯೇ ಎಂದು ನೂಲಕ್ಕನನ್ನು ಕೇಳಿದ. ಅಷ್ಟು ದೂರ ಹೋಗಲು ಬೇಜಾರು ಎಂದಳು ನೂಲಕ್ಕ. ಅವನು ನಗಲಿಲ್ಲ, ಗಂಡನನ್ನು ಒಳಗೆ ಕರೆಸಿ ಮಾತ್ರೆಯನ್ನು ಅವನ ಕೈಗೆ ಕೊಟ್ಟ, ಇವಳ ಕೈಗೆ ಕೊಡಬೇಡಿ ಎಂದ.

ಔಷಧಿ ಬೇಸಿನ್ನಿಗೆ ಹೋದ ವಿಷಯವನ್ನು ಕಣ್ಣಿನ ಡಾಕ್ಟರು ಗಂಡನಿಗೆ ಅಲ್ಲೇ ಹೇಳಿದ್ದಳು. ಮನೆಯೊಳಗೆ ಕಾಲಿಟ್ಟ ಮೇಲೆ ಅವನಿಗೆ ತಡೆಯಲಾಗಲಿಲ್ಲ. ತಾನು ಪೆದ್ದನ ಹಾಗೆ ಖಾಲಿ ಬಾಟಲಿ ನೋಡಿ ತಲೆಯಾಡಿಸಿದ್ದು, ಡಾಕ್ಟರೆದುರು ಸಾಕ್ಷಿ ಹೇಳಿದ್ದು, ಎಲ್ಲವನ್ನೂ ಎತ್ತಿ ಆಡಿದ. ಪರದೆಯ ಆಚೆಗೂ ಕೇಳಿಸಿ ಪಾರ್ಲರು ಗಪ್‌ಚಿಪ್ಪಾಯಿತು. ಆಗ ಮುದುಕಿ ಮಂಚದ ಮೇಲಿಂದ, "ನನಗೆ ಗೊತ್ತಿತ್ತು" ಎಂದಳು.

"ಏನು ಗೊತ್ತಿತ್ತು?"

"ಹಾಕ್ಕೊಳ್ತಿಲ್ಲ ಅಂತ. ಹಾಕ್ಕೊಂಡವರು ಗಂಟಲು ಕೆರೀತಾರೆ. ಅವಳು ಕೆರೀತಿರಲಿಲ್ಲ. ನಲ್ಲಿ ಬಿಟ್ಟು ಬಂದು ಮಲಗ್ತಿದ್ಲು."

"ಒಂದು ಮಾತು ಹೇಳಬಾರದಿತ್ತಾ ಅತ್ತೆ?" ಗಂಡನ ದನಿ ಒಡೆಯಿತು. "ಮಗಳ ಕಣ್ಣು."

"ನನ್ನ ಕಣ್ಣು ಹೋಗ್ತಿದ್ದಾಗ ನೀವೂ ಇದೇ ಮನೆಯಲ್ಲಿದ್ರಿ" ಎಂದಳು ಮುದುಕಿ. "ಒಂದು ಸಲ ಕೇಳಿದ್ರಿ. ಆಮೇಲೆ ಕೇಳಲಿಲ್ಲ."

ಗಂಡ ಮತ್ತೆ ಬೂಟು ಹಾಕಿಕೊಂಡು ಹೊರಗೆ ಹೋದ. ಎಷ್ಟೋ ಹೊತ್ತಿನ ಮೇಲೆ ಬಂದ. ಬಂದವನು ಮಾತ್ರೆಯನ್ನೂ ನೀರನ್ನೂ ಹೆಂಡತಿಯ ಎದುರು ಹಿಡಿದು, ನುಂಗುವವರೆಗೂ ನಿಂತಿದ್ದ. ನಂತರ ಅವಳ ತಲೆಯನ್ನು ಹಿಂದಕ್ಕೆ ಬಾಗಿಸಿ, ಗ್ರೀಸಿನ ಕರೆ ಹೋಗದ ಬೆರಳುಗಳಿಂದ ರೆಪ್ಪೆ ಬಿಡಿಸಿ, ಹನಿ ಹಾಕಿದ. ಅದು ಪ್ರೀತಿಯಿಂದ ಅಂತಲೂ ಹೇಳುವಂತಿರಲಿಲ್ಲ, ಸಿಟ್ಟಿನಿಂದ ಅಂತಲೂ ಅಲ್ಲ. ಕೆಲಸ ಬಾಕಿಯಿದ್ದವನ ಹಾಗೆ ಹಾಕಿದ. ಆವತ್ತಿನಿಂದ ದಿನಾ ಅವನೇ.

ಮಾತ್ರೆ ಬೇಗ ಕೆಲಸ ಮಾಡಲಿಲ್ಲ. ಮೊದಲು ಬಾಯಿ ಒಣಗಿತು, ಹೊಟ್ಟೆ ತೊಳೆಸಿತು, ನಿದ್ದೆಯಲ್ಲಿ ಕೆಟ್ಟ ಕನಸು ಬಿದ್ದವು. ನೂಲಕ್ಕ ಬೇಡವೆಂದಾಗೆಲ್ಲ ಗಂಡ ನೀರು ಹಿಡಿದು ನಿಲ್ಲುತ್ತಿದ್ದ. ಈ ನಡುವೆ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದಾಗ ಅವಳಿಗೆ ಉಳಿದದ್ದು, ಸುರುಳಿ ಸುತ್ತಿದ ಪತ್ರಿಕೆಯೊಳಗಿಂದ ನೋಡಿದರೆ ಕಾಣುವಷ್ಟು ಜಗತ್ತು. ಮುಖ ಕಂಡರೆ ಕೈ ಕಾಣದು, ತಟ್ಟೆ ಕಂಡರೆ ಲೋಟ ಕಾಣದು. ಇದು ಇಷ್ಟೇ ನಿಂತರೆ ನಿಮ್ಮ ಅದೃಷ್ಟ ಎಂದಳು ಡಾಕ್ಟರು.

ಒಂದು ಮಧ್ಯಾಹ್ನ ನೂಲಕ್ಕನಿಗೆ ಚಹಾ ಕುಡಿಯಬೇಕು ಅನ್ನಿಸಿತು. ಬೇಕು ಅನ್ನಿಸಿದ್ದೇ ಅವಳಿಗೆ ಆಶ್ಚರ್ಯ. ಎದ್ದು ತಡವರಿಸಿ ಎರಡು ಲೋಟ ಮಾಡಿದಳು, ಒಂದನ್ನು ತಾಯಿಯ ಕೈಗೆ ಕೊಟ್ಟು ಅವಳ ಮಂಚದ ಅಂಚಿಗೆ ಕೂತಳು.

"ಅಮ್ಮ, ನನ್ನದು ತಪ್ಪಾಯ್ತು" ಎಂದಳು. "ಕ್ಷಮಿಸಿಬಿಡು."

ಮುದುಕಿ ಚಹಾವನ್ನು ಊದಿ ಒಂದು ಗುಟುಕು ಕುಡಿದಳು. "ಆಗಲ್ಲ ಕಣೇ" ಎಂದಳು. "ನೋಡಿದೆ, ಪ್ರಯತ್ನಪಟ್ಟು ನೋಡಿದೆ. ನಿನ್ನ ಕಣ್ಣು ಹೋದ್ರೆ ಆಗುತ್ತೇನೋ ಅಂದ್ಕೊಂಡೆ. ಹೋಯ್ತು. ಆಗಲಿಲ್ಲ." ಇನ್ನೊಂದು ಗುಟುಕು ಕುಡಿದು, "ಸಕ್ಕರೆ ಸಾಲದು" ಎಂದಳು.

ನೂಲಕ್ಕ ಎದ್ದು ಸಕ್ಕರೆ ಹಾಕಿ ಕಲಕಿ ಕೊಟ್ಟಳು.

ಆ ಮುದುಕಿ ಮತ್ತೆ ಆ ಮಾತು ತೆಗೆಯಲಿಲ್ಲ. ಚಳಿ ಬಿದ್ದ ಮೇಲೆ ಅವಳಿಗೆ ಎದೆಯಲ್ಲಿ ಕಫ ಕಟ್ಟಿತು, ವಾರದೊಳಗೆ ಹೋದಳು. ಕೊನೆಯ ಎರಡು ದಿನ ಯಾರ ಹೆಸರನ್ನೂ ಕರೆಯಲಿಲ್ಲ. ನೂಲಕ್ಕ ಅತ್ತಳು. ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ಅವಳಿಗೆ ಅಳುವೇ ಬಂದಿರಲಿಲ್ಲ. ಈಗ ಅಳು ಬರುತ್ತಿರುವುದು ಒಳ್ಳೆಯದೇ ಎಂದು ಮನಸ್ಸಿನ ಡಾಕ್ಟರು ಹೇಳಿದ. ಒಳ್ಳೆಯದು ಹೀಗೂ ಇರುತ್ತದೆಯೇ ಎಂದು ಅವಳು ಕೇಳಿದಳು.

ತಾಯಿಯದ್ದೆಲ್ಲ ಮುಗಿದ ಮೇಲೆ ನೂಲಕ್ಕ ಪರದೆ ಸರಿಸಿ ಪಾರ್ಲರಿಗೆ ಬಂದು ನಿಂತಳು. ಅವಳ ಕುರ್ಚಿಯಲ್ಲಿ ಹೊಸಬಳು ಕೆಲಸ ಮಾಡುತ್ತಿದ್ದಳು. ಮೇಣ, ಬಿಸಿನೀರು ಯಾವುದನ್ನೂ ಮುಟ್ಟಕೂಡದು ಎಂದು ಕತ್ತರಿ ಮೊದಲೇ ಹೇಳಿ, ಹುಬ್ಬು ಮಾತ್ರವಾದರೆ ಮಾಡಬಹುದು, ಅದೂ ಬಂದವರು ಒಪ್ಪಿದರೆ ಎಂದಳು. ಹೆಚ್ಚಿನವರು ಒಪ್ಪಲಿಲ್ಲ. ಒಂದು ಕಣ್ಣು ಸತ್ತವಳ ಕೈಗೆ ತಮ್ಮ ಕಣ್ಣು ಕೊಡಲು ಯಾರಿಗೆ ಧೈರ್ಯ? ಹಳೆಯ ಗಿರಾಕಿಗಳೇ, ಹಿಂದೆ ಅವಳಿಂದ ಒಂದೊಂದು ಮಾತು ತಿಂದವರೇ, ಹೊಸಬಳ ಸರದಿಗೆ ಕಾಯುತ್ತಾ ಅವಳ ಎದುರು ಕೂತಿರುತ್ತಿದ್ದರು. ಅವರಲ್ಲೊಬ್ಬಳು, ಗಂಡ ಬಿಟ್ಟಾಗ ನೂಲಕ್ಕನಿಂದ ಸರಿಯಾಗಿ ಅನ್ನಿಸಿಕೊಂಡಿದ್ದವಳು, "ಯಾಕಕ್ಕ, ಈಗ ನಮ್ಮ ಮುಖ ಕಾಣ್ಸಲ್ವಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು.

ನೂಲಕ್ಕ ತನ್ನ ಒಂದು ಕಣ್ಣನ್ನು ಅವಳ ಮೇಲೆ ತಂದು ನಿಲ್ಲಿಸಿದಳು. "ಸ್ವಲ್ಪ ಸ್ವಲ್ಪ ಕಾಣುತ್ತೆ" ಎಂದಳು. "ಅಷ್ಟೇ ಸಾಕು ಅನ್ನಿಸ್ತಿದೆ." ಒಂದಿಬ್ಬರು ನಕ್ಕರು. ಕೇಳಿದವಳೂ ನಕ್ಕಳು, ಆದರೆ ಹೊಸಬಳ ಸರದಿ ಬಿಟ್ಟು ಏಳಲಿಲ್ಲ. ಆ ದಿನ ನೂಲಕ್ಕನಿಗೆ ಸಿಕ್ಕಿದ್ದು ಒಂದೇ ಹುಬ್ಬು, ಊರಿಗೆ ಹೊಸದಾಗಿ ಬಂದಿದ್ದ, ಏನೂ ಗೊತ್ತಿಲ್ಲದ ಹುಡುಗಿಯದು.

ಬಲಗಣ್ಣಿನ ಒತ್ತಡ ಈಗ ಹತೋಟಿಯಲ್ಲಿದೆ. ಹೋದ ಸಲ ಮನಸ್ಸಿನ ಡಾಕ್ಟರು, ಚೆನ್ನಾಗಿದ್ದೀರಿ, ಮಾತ್ರೆಯನ್ನು ನಿಧಾನಕ್ಕೆ ಇಳಿಸುತ್ತಾ ಬರೋಣವೇ ಎಂದು ಕೇಳಿದ.

"ಈಗಲೇ ಬೇಡಿ ಡಾಕ್ಟ್ರೇ" ಎಂದಳು ನೂಲಕ್ಕ. "ನನ್ನನ್ನ ನಾನು ಅಷ್ಟು ನಂಬಲ್ಲ."

ಅವನು ಆಗಲಿ ಎಂದು ಮೊದಲಿನಷ್ಟೇ ಬರೆದುಕೊಟ್ಟ. ಗಂಡ ಕೆಳಗೆ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ. ಅವಳು ಕಂಬಿ ಎಲ್ಲಿದೆಯೆಂದು ತಲೆ ತಿರುಗಿಸಿ ಹುಡುಕಿ, ಹಿಡಿದುಕೊಂಡು, ಮೆಟ್ಟಿಲು ಇಳಿಯತೊಡಗಿದಳು. ಎದುರು ಹತ್ತಿ ಬರುತ್ತಿದ್ದವನೊಬ್ಬನಿಗೆ ಭುಜ ಬಡಿಯಿತು. ಕಣ್ಣು ಕಾಣಲ್ವಾ ಎಂದು ಗದರಿಸಿ ಅವನು ಹೋದ.